ಎಲ್ವಿರಾ ತಂದ ಹತ್ತೊಂಬತ್ತು ಹೆಸರು

೨೦೦೩ರ ಫೆಬ್ರುವರಿಯಲ್ಲಿ ಎಲ್ವಿರಾ ಶಿಕಾಗೋ ಹೊರವಲಯದ ಇಟಾಸ್ಕಾ ಊರಿನಿಂದ ಏಳು ಮೈಲಿ ಸೈಕಲ್ ತುಳಿದುಕೊಂಡು ಕಾಲೇಜಿಗೆ ಬಂದ ದಿನ ಹೊರಗೆ ಹದಿನೆಂಟು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ ಇತ್ತು. ಪದ್ಮ ಅಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಕೋರ್ಸ್ ನೋಡಿಕೊಳ್ಳುತ್ತಿದ್ದಳು. ಮೈಸೂರಿನಲ್ಲಿ ಓದಿ, ಶಿಕಾಗೋದಲ್ಲಿ ಹದಿನೈದು ವರ್ಷ ನರ್ಸ್ ಆಗಿ ದುಡಿದವಳು. ಎಲ್ವಿರಾಳ ಬೆರಳುಗಳು ಸೆಟೆದುಕೊಂಡು ಪೆನ್ನು ನಿಲ್ಲುತ್ತಿರಲಿಲ್ಲ. ಅರ್ಜಿಯನ್ನು ಪದ್ಮಳೇ ತುಂಬಿದಳು.

ಎಲ್ವಿರಾ ಮೆಕ್ಸಿಕೋದ ಹಳ್ಳಿಗಳಲ್ಲಿ ಒಂಬತ್ತು ವರ್ಷ ಹೆರಿಗೆ ಮಾಡಿಸಿದವಳು. ಇಲ್ಲಿ ಏರ್‌ಪೋರ್ಟ್ ಹತ್ತಿರದ ಹೋಟೆಲಿನಲ್ಲಿ ದಿನಕ್ಕೆ ಹದಿನಾರು ಕೋಣೆ ಸ್ವಚ್ಛಮಾಡುತ್ತಿದ್ದಳು.

"ನಾನೊಬ್ಬಳೇ ಅಲ್ಲ," ಎಂದಳು ತಡವರಿಸುವ ಇಂಗ್ಲಿಷಿನಲ್ಲಿ. "ನನ್ನ ಜೊತೆ ಕೆಲಸ ಮಾಡೋರಿಗೂ ಕಲಿಯೋ ಆಸೆ. ಯಾರಿಗೂ ಕಾರಿಲ್ಲ, ಇಲ್ಲಿಗೆ ಬಸ್ಸಿಲ್ಲ. ಕ್ಲಾಸೇ ನಮ್ಮಲ್ಲಿಗೆ ಬರಬಹುದಾ?"

"ಹನ್ನೆರಡು ಜನ ಆದರೆ ಕೇಳಿ ನೋಡ್ತೀನಿ," ಎಂದಳು ಪದ್ಮ. ಅಷ್ಟು ಜನ ಸೇರಲಾರರೆಂಬ ಧೈರ್ಯ ಅವಳದು.

ಮುಂದಿನ ವಾರ ಎಲ್ವಿರಾ ಹತ್ತೊಂಬತ್ತು ಹೆಸರು ಬರೆದು ತಂದಳು. ಹೋಟೆಲಿನ ಮ್ಯಾನೇಜರನ್ನೂ ಒಪ್ಪಿಸಿದ್ದಳು: ವಾರಕ್ಕೆರಡು ದಿನ, ಶಿಫ್ಟ್ ಮುಗಿದ ಮೇಲೆ, ಮೀಟಿಂಗ್ ಹಾಲ್ ಅವರದು. ಇಷ್ಟು ಸಿರಿವಂತ ಊರಿನಲ್ಲಿ ಇಂಥ ಕ್ಲಾಸು ಯಾರಿಗೆ ಬೇಕು ಎಂದ ಡೀನ್ ಮುಂದೆ ಪದ್ಮ ಆ ಪಟ್ಟಿಯಿಟ್ಟಳು. ಒಪ್ಪಿಗೆ ಸಿಕ್ಕಿತು.

ಆದರೆ ಪ್ರವೇಶಕ್ಕೆ ಇಂಗ್ಲಿಷ್ ಓದುವ ಪರೀಕ್ಷೆಯಿತ್ತು. ಪಾಸಾದವರು ಐದೇ ಮಂದಿ, ಅವರಲ್ಲಿ ಎಲ್ವಿರಾ ಒಬ್ಬಳು.

"ನೀವು ಐದು ಜನ ಕಾಲೇಜಿಗೇ ಬನ್ನಿ. ನಾನೇ ಪಿಕಪ್ ಮಾಡ್ತೀನಿ," ಎಂದಳು ಪದ್ಮ.

"ಉಳಿದ ಹದಿನಾಲ್ಕು ಜನರಿಗೆ ಏನು ಹೇಳಲಿ? ಮೊದಲು ಇಂಗ್ಲಿಷ್ ಕಲಿಸಿ. ನಾನು ಕಾಯ್ತೀನಿ."

ಪದ್ಮಳಿಗೆ ಸಿಟ್ಟು ಬಂತು. ಮನೆಯಲ್ಲಿ ಗಂಡ ಸತ್ಯನಾರಾಯಣನ ಮುಂದೆ ತೋಡಿಕೊಂಡಳು. "ಕೈಗೆ ಬಂದ ಸೀಟನ್ನ ಬೇಡ ಅಂತಾಳೆ ಕಣ್ರೀ. ಎಂಥ ಹಟ."

ಅವನು ಪೇಪರಿನಿಂದ ತಲೆಯೆತ್ತಿದ. "ನೀನು ಇಲ್ಲಿಗೆ ಬಂದು ಲೈಸೆನ್ಸ್ ಎಕ್ಸಾಮ್ ಬರೆದಾಗ ನಿನಗೆ ಇಂಗ್ಲಿಷ್ ಬರ್ತಿತ್ತು. ಅವರಿಗೆ ಬರಲ್ಲ. ಅಷ್ಟೇ ತಾನೆ ವ್ಯತ್ಯಾಸ?"

ಆ ಬೇಸಿಗೆಯಿಡೀ ಪದ್ಮ ತಾನೇ ಹೋಟೆಲಿಗೆ ಡ್ರೈವ್ ಮಾಡಿಕೊಂಡು ಹೋಗಿ ಇಂಗ್ಲಿಷ್ ಕಲಿಸಿದಳು. ಜ್ವರ, ನಾಡಿ, ರಕ್ತದೊತ್ತಡ, ರೋಗಿಯ ಮಗ್ಗುಲು ಬದಲಿಸುವುದು. ಎಲ್ವಿರಾ ಆ ಮಾತುಗಳನ್ನು ಚೀಟಿಯಲ್ಲಿ ಬರೆದು ಟವೆಲ್ ಗಾಡಿಗೆ ಅಂಟಿಸುತ್ತಿದ್ದಳು. ಹಾಸಿಗೆಗೆ ಚಾದರ ಹಾಸುತ್ತಲೇ ಹೆಂಗಸರೆಲ್ಲ ಬಾಯಿಪಾಠ ಮಾಡುತ್ತಿದ್ದರು. ಸೆಪ್ಟೆಂಬರಿನಲ್ಲಿ ಹದಿನಾರು ಮಂದಿ ಪ್ರವೇಶ ಪಡೆದರು.

ಮರುವರ್ಷ ಮೇ ತಿಂಗಳಲ್ಲಿ ರಾಜ್ಯದ ಪರೀಕ್ಷೆಯ ಫಲಿತಾಂಶ ಬಂತು. ಹದಿನೈದು ಮಂದಿ ಪಾಸು. ಫೇಲಾದವಳು ಎಲ್ವಿರಾ.

ಫೋನಿನಲ್ಲಿ ಹೇಳಲು ಪದ್ಮಳಿಗೆ ಮನಸ್ಸಾಗಲಿಲ್ಲ. ಹೋಟೆಲಿಗೇ ಹೋದಳು. ಎಲ್ವಿರಾ ಮೂರನೇ ಮಹಡಿಯ ಕೋಣೆಯಲ್ಲಿ ದಿಂಬಿಗೆ ಕವಚ ಹಾಕುತ್ತಿದ್ದಳು. ಸುದ್ದಿ ಕೇಳಿ ದಿಂಬನ್ನು ಎದೆಗೊತ್ತಿಕೊಂಡಳು.

"ಹದಿನೈದೂ ಜನಾನಾ?" ಎಂದಳು.

"ಹೌದು, ಅಷ್ಟೂ ಜನ."

ಎಲ್ವಿರಾಳ ಕಣ್ಣುಗಳು ತುಂಬಿದ್ದವು, ಮುಖದಲ್ಲಿ ನಗುವಿತ್ತು. "ಹಾಗಾದರೆ ನನಗೆ ಪಾಠ ಹೇಳಿಕೊಡೋಕೆ ಹದಿನೈದು ಜನ ಇದ್ದಾರೆ."

ಅವರು ಸರದಿಯ ಮೇಲೆ ಹೇಳಿಕೊಟ್ಟರು. ಆಗಸ್ಟಿನಲ್ಲಿ ಅವಳೂ ಪಾಸಾದಳು. ಚಳಿಗಾಲಕ್ಕೆ ಮುಂಚೆ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿಗೆ ಸೇರಿದಳು. ೨೦೦೮ರ ಹೊತ್ತಿಗೆ ಆ ಕೋರ್ಸು ಸುತ್ತಲಿನ ಮೂರು ಊರುಗಳಲ್ಲಿ ನಡೆಯುತ್ತಿತ್ತು. ಶನಿವಾರಗಳಂದು ಇಂಗ್ಲಿಷ್ ಕಲಿಸುತ್ತಿದ್ದವಳು ಎಲ್ವಿರಾ. ಒಮ್ಮೆ ಪದ್ಮ ಹಿಂದಿನ ಸಾಲಿನಲ್ಲಿ ಕೂತು ಇಡೀ ಪಾಠ ಕೇಳಿದಳು, ನೋಟ್ಸ್ ಕೂಡ ಬರೆದುಕೊಂಡಳು.