ಸಾಸ್ ಬಾಟಲಿಯ ಕೆಳಗಿನ ಚೀಟಿ

ನಮ್ಮ ವಾರಪತ್ರಿಕೆಯ ಹನ್ನೊಂದನೇ ಪುಟದಲ್ಲಿ ‘ಚೀನೀ ತಟ್ಟೆ’ ಎಂಬ ಪುಟ್ಟ ಅಂಕಣ ಬರುತ್ತದೆ. ಬರೆಯುವವಳು ನಾನು. ಮಿಕ್ಕ ಹೊತ್ತೆಲ್ಲ ಅದೇ ಪತ್ರಿಕೆಯಲ್ಲಿ ಕರಡು ತಿದ್ದುತ್ತೇನೆ, ಅಂದರೆ ಬೇರೆಯವರ ತಪ್ಪು ಹುಡುಕಿಯೇ ನನ್ನ ಹೊಟ್ಟೆ ತುಂಬುವುದು. ಚೀನೀ ಹೋಟೆಲುಗಳು ಬೀದಿಗೊಂದು ತಲೆಯೆತ್ತಿದಾಗ, ಎಲ್ಲಿ ಏನು ತಿನ್ನಬಹುದು, ಏನು ತಿನ್ನಬಾರದು ಅಂತ ಮುಲಾಜಿಲ್ಲದೆ ಬರೆಯುವವರು ಬೇಕು ಅಂದರು ಸಂಪಾದಕರು. ಮುಲಾಜು ಎಂಬುದು ನನಗೆ ಹುಟ್ಟಿನಿಂದಲೇ ಬಂದಿಲ್ಲ. ಕೆಲಸ ನನ್ನ ಪಾಲಿಗೆ ಬಂತು.

ಆದರೆ ಅಂಕಣದ ನಾಲಿಗೆ ನನ್ನದಲ್ಲ, ಅಕ್ಕನದು. ಅಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು, ಶಾಲೆಯೊಂದರಲ್ಲಿ ಹೊಲಿಗೆ ಕಲಿಸುತ್ತಾಳೆ, ಒಬ್ಬಳೇ ಇರುತ್ತಾಳೆ. ರುಚಿ, ವಾಸನೆ ತೂಗಿ ಹೇಳುತ್ತಾಳೆಂದು ಮನೆಯಲ್ಲಿ ಅವಳಿಗೆ ‘ತಕ್ಕಡಿ’ ಅಂತ ಅಡ್ಡಹೆಸರು. ಅಡುಗೆಮನೆಯಲ್ಲಿ ಹಾಲು ತಳ ಹಿಡಿಯುವ ಮೊದಲೇ ಅವಳು ಹಿತ್ತಲಿನಿಂದ ಕೂಗಿಕೊಳ್ಳುತ್ತಿದ್ದಳು. ಒಲೆಯ ಮುಂದೆಯೇ ನಿಂತಿರುತ್ತಿದ್ದ ನನಗೆ ಬೈಗುಳ.

ಪ್ರತಿ ಶನಿವಾರ ಮಧ್ಯಾಹ್ನ ಇಬ್ಬರೂ ಒಂದು ಹೋಟೆಲಿಗೆ ಹೋಗುತ್ತೇವೆ. ನಮ್ಮದೊಂದು ಕಟ್ಟುನಿಟ್ಟಿನ ಪದ್ಧತಿ ಇದೆ. ಒಬ್ಬರ ಅಭಿಪ್ರಾಯ ಇನ್ನೊಬ್ಬರಿಗೆ ಅಂಟಬಾರದು. ಅದಕ್ಕೇ ತಟ್ಟೆ ಬಂದ ಮೇಲೆ ತುಟಿ ಪಿಟಕ್ಕೆನ್ನುವಂತಿಲ್ಲ. ಮೂರು ತುತ್ತು ತಿನ್ನಬೇಕು, ಅನ್ನಿಸಿದ್ದನ್ನು ಚೀಟಿಯಲ್ಲಿ ಬರೆಯಬೇಕು, ಮಡಚಿ ಸಾಸ್ ಬಾಟಲಿಯ ಕೆಳಗಿಡಬೇಕು. ಇಬ್ಬರದೂ ಆದ ಮೇಲೆ ಬಿಚ್ಚಬೇಕು. ನಾನು ಎರಡನ್ನೂ ಮನೆಗೆ ತಂದು, ಅಕ್ಕನ ಮಾತುಗಳನ್ನು ಅಲ್ಲಲ್ಲಿ ತಿದ್ದಿ, ನನ್ನವೇ ಎಂಬಂತೆ ಅಚ್ಚಿಗೆ ಕೊಡುತ್ತೇನೆ. ಓದುಗರಿಗೆ ಅಕ್ಕ ಎಂಬವಳು ಇರುವುದೇ ಗೊತ್ತಿಲ್ಲ.

ಆ ಶನಿವಾರ ಹೋದದ್ದು ಬಸ್ ನಿಲ್ದಾಣದ ಹಿಂದಿನ ಎಂಟು ಮೇಜುಗಳ ಹೋಟೆಲಿಗೆ. ಅಲ್ಲಿ ಅಡುಗೆ ಮಾಡುವ ಹೆಂಗಸಿನ ಮಗಳು ಅಕ್ಕನ ಹೊಲಿಗೆ ತರಗತಿಯಲ್ಲಿದ್ದಾಳೆ. ಆ ಹೆಂಗಸು ಒಳಗಿನಿಂದ ಓಡಿಬಂದು, “ಟೀಚರ್, ಇದು ನಮ್ಮ ಕಡೆಯಿಂದ” ಅಂತ ನಾಲ್ಕು ಸ್ಪ್ರಿಂಗ್ ರೋಲ್ ಇಟ್ಟು ಹೋದಳು. ಆಮೇಲೆ ಫ್ರೈಡ್ ರೈಸ್ ಬಂತು. ತಟ್ಟೆ ಮೇಜಿಗೆ ತಾಗುವ ಮೊದಲೇ ಸೀದ ವಾಸನೆ ನನ್ನ ಮೂಗಿಗೆ ಹೊಡೆಯಿತು. ತಳ ಹಿಡಿದದ್ದನ್ನು ಕೆರೆದು ಮೇಲಿನದರ ಜೊತೆ ಕಲಸಿದ್ದರು. ನಾನು ‘ಸೀದಿದೆ, ಸಾಸ್ ಸುರಿದು ಮುಚ್ಚಿಟ್ಟಿದ್ದಾರೆ’ ಎಂದು ಬರೆದೆ. ಅಕ್ಕನ ಚೀಟಿ ಬಿಚ್ಚಿದರೆ, ‘ಅನ್ನ ಉದುರುದುರು. ಬಟಾಣಿ ಹಲ್ಲಿಗೆ ಸಿಕ್ಕಿ ಟಪ್ಪೆನ್ನುತ್ತೆ. ಚೆನ್ನಾಗಿದೆ’ ಎಂದಿತ್ತು.

“ಅಕ್ಕ, ಇದೇನಿದು?”

“ಯಾಕೆ, ಉದುರುದುರಾಗೇ ಇದೆಯಲ್ಲ.”

“ಸೀದಿರೋದು ಇಡೀ ಬೀದಿಗೆ ಗೊತ್ತಾಗ್ತಿದೆ. ನಿನಗೆ ಗೊತ್ತಾಗ್ಲಿಲ್ವಾ?”

ಅಕ್ಕ ನನ್ನ ಚೀಟಿ ನೋಡಿದಳು, ತಟ್ಟೆ ನೋಡಿದಳು. “ಸ್ವಲ್ಪ ಇರಬಹುದು,” ಎಂದಳು.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. “ಸ್ವಲ್ಪಾನಾ? ನಿನ್ನ ವಿದ್ಯಾರ್ಥಿನಿಯ ಅಮ್ಮ ಅಂತ ದಾಕ್ಷಿಣ್ಯ ತಾನೆ? ನಾಲ್ಕು ಸ್ಪ್ರಿಂಗ್ ರೋಲಿಗೆ ನಾಲಿಗೆ ಮಾರ್ಕೊಂಡ್ಯಾ?”

“ಹಾಗಲ್ಲ ಕಣೆ.”

“ಹಾಗಲ್ಲದೆ ಇನ್ನು ಹೇಗೆ? ಮುಂದಿನ ವಾರದಿಂದ ನೀನು ಬರೋದು ಬೇಡ. ಆಫೀಸಿನ ಟೈಪಿಸ್ಟನ್ನ ಕರ್ಕೊಂಡು ಬರ್ತೀನಿ. ಅವಳಿಗೆ ಮೂಗಾದ್ರೂ ನೆಟ್ಟಗಿದೆ.”

ಅಕ್ಕ ಸಾಸ್ ಬಾಟಲಿಯನ್ನು ಎತ್ತಿ ಅದರ ಜಾಗಕ್ಕೆ ಇಟ್ಟಳು, ಕರವಸ್ತ್ರದಿಂದ ಬಾಯಿ ಒರೆಸಿಕೊಂಡು ಎದ್ದಳು. ಬಸ್ಸಿನಲ್ಲಿ ಇಬ್ಬರೂ ಮುಖ ಗಂಟು ಹಾಕಿಕೊಂಡು ಕೂತಿದ್ದೆವು, ಅಂದರೆ ಗಂಟು ಹಾಕಿಕೊಂಡಿದ್ದವಳು ನಾನು.

ಮನೆಗೆ ಬಂದವಳೇ ಬಿಸ್ಕತ್ತಿನ ಡಬ್ಬ ಇಳಿಸಿದೆ. ಎರಡು ವರ್ಷದ ಚೀಟಿಗಳೆಲ್ಲ ಅದರಲ್ಲಿವೆ. ಅಕ್ಕ ಇನ್ನೂ ಯಾರ್ಯಾರಿಗೆ ದಾಕ್ಷಿಣ್ಯ ತೋರಿದ್ದಾಳೋ ಪತ್ತೆ ಮಾಡಿಯೇ ಬಿಡುತ್ತೇನೆ ಅಂತ ತಾರೀಖಿನ ಪ್ರಕಾರ ನೆಲದ ಮೇಲೆ ಹರಡಿದೆ.

ಹಳೆಯವು ಅಕ್ಕನ ಮಾತೇ. ‘ಬದನೆಕಾಯಿ: ಬೆಳ್ಳುಳ್ಳಿ ಕಂದಿದೆ. ಮಾಡಿದವರು ಆಗ ಫೋನಿನಲ್ಲಿದ್ದರು.’ ‘ಸ್ಪ್ರಿಂಗ್ ರೋಲ್: ನಿನ್ನೆ ಮೀನು ಕರಿದ ಎಣ್ಣೆ.’ ‘ಸೂಪ್: ಎಳ್ಳೆಣ್ಣೆ ಘಮ್ಮೆನ್ನುತ್ತೆ. ಬೇರೆ ಏನೂ ಇಲ್ಲ.’ ಕಳೆದ ಐದು ತಿಂಗಳ ಹೊಸವು ಬೇರೆ ಥರ. ‘ಡಂಪ್ಲಿಂಗ್: ಹೊಲಿಗೆ ಚೆನ್ನಾಗಿದೆ. ಹದಿನಾಲ್ಕು ನೆರಿಗೆ, ಒಂದೂ ಬಿಚ್ಚಿಲ್ಲ.’ ‘ತೋಫು: ಚಮಚ ಮುಟ್ಟಿದರೆ ನಡುಗುತ್ತೆ, ಪರೀಕ್ಷೆಗೆ ಕೂತ ಮಕ್ಕಳ ಹಾಗೆ.’ ‘ನೂಡಲ್ಸ್: ಒಂದನ್ನೊಂದು ಬಿಡಲ್ಲ.’ ಓದುಗರು ಮೆಚ್ಚಿ ಪತ್ರ ಬರೆದದ್ದು ಈ ಹೊಸ ಸಾಲುಗಳಿಗೇ. ನಾನೂ ಹಿಗ್ಗಿದ್ದೆ.

ಗರಿಗರಿ, ಮೆತ್ತಗೆ, ಬಿಸಿ, ಜಿಗುಟು, ಉಪ್ಪು, ಹುಳಿ. ಐದು ತಿಂಗಳಲ್ಲಿ ಒಂದೇ ಒಂದು ವಾಸನೆ ಇರಲಿಲ್ಲ. ಹಳೆಯ ಚೀಟಿಗಳಿಗೂ ಹೊಸವಕ್ಕೂ ನಡುವೆ ಒಂದು ಶನಿವಾರ ಖಾಲಿ. ಅಂದು ಅಕ್ಕ ಪರದೆ ಕಟ್ಟಲು ಹೋಗಿ ಸ್ಟೂಲಿನಿಂದ ಬಿದ್ದು, ತಲೆಯ ಹಿಂಭಾಗಕ್ಕೆ ಪೆಟ್ಟಾಗಿ ಆಸ್ಪತ್ರೆಯಲ್ಲಿದ್ದಳು. ವಾರಕ್ಕೊಮ್ಮೆ ಕೈಯಲ್ಲಿ ಹಿಡಿದು ಅಕ್ಷರ ಅಕ್ಷರ ತಿದ್ದಿದ್ದೇನೆ, ಇದೊಂದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕನ ಮನೆಗೆ ಹೋದೆ. ಒಲೆಯ ಪಕ್ಕ ಅಲಾರಂ ಗಡಿಯಾರವಿತ್ತು, ಹಾಲು ಉಕ್ಕುವುದಕ್ಕೆ ಎಷ್ಟು ಹೊತ್ತು ಅಂತ ಅಳೆಯಲು. ಫ್ರಿಜ್ಜಿನೊಳಗಿನ ಪ್ರತಿ ಡಬ್ಬಿಯ ಮೇಲೂ ತಾರೀಖಿನ ಚೀಟಿ. ಇವೆಲ್ಲ ಇಷ್ಟು ದಿನ ನನ್ನ ಕಣ್ಣೆದುರೇ ಇದ್ದವು.

“ಯಾವಾಗಿನಿಂದ?” ಎಂದೆ.

ಅಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಳು. “ಬಿದ್ದ ದಿನದಿಂದ. ಉಪ್ಪು, ಹುಳಿ, ಸಿಹಿ ಗೊತ್ತಾಗುತ್ತೆ. ವಾಸನೆ ಮಾತ್ರ ಇಲ್ಲ. ವಾಪಸ್ ಬಂದ್ರೂ ಬರಬಹುದು ಅಂತ ಡಾಕ್ಟ್ರು ಅಂದ್ರು.”

“ನನಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಶನಿವಾರ ಹೋಗ್ತಿತ್ತು. ವಾರವೆಲ್ಲ ನಾನು ಅದಕ್ಕೇ ಕಾಯೋದು. ಈ ನಾಲಿಗೆಗೋಸ್ಕರ ತಾನೆ ನೀನು ನನ್ನ ಕರ್ಕೊಂಡು ಹೋಗೋದು?”

ಅಲ್ಲ ಅನ್ನಲು ಬಾಯಿ ತೆರೆದೆ. ಟೈಪಿಸ್ಟನ್ನು ಕರೆದುಕೊಂಡು ಹೋಗುತ್ತೇನೆ ಅಂತ ಹಿಂದಿನ ದಿನ ನಾನೇ ಹೇಳಿದ್ದೆ. ಜೀವಮಾನದಲ್ಲಿ ಅಷ್ಟು ನಾಚಿಕೆ ನನಗೆ ಆಗಿರಲಿಲ್ಲ.

“ಶನಿವಾರ ಹನ್ನೆರಡೂವರೆಗೆ ರೆಡಿಯಾಗಿರು,” ಎಂದಷ್ಟೇ ಹೇಳಿ ಬಂದೆ.

ಆ ಶನಿವಾರ ಹಬೆಯಲ್ಲಿ ಬೇಯಿಸಿದ ಮೀನು ತರಿಸಿದೆವು. ಅಕ್ಕ ರೂಢಿಯಂತೆ ಚೀಟಿ, ಪೆನ್ನು ತೆಗೆದಿಟ್ಟಳು. ಮುಚ್ಚಳ ತೆಗೆದಾಗ ನಾನು ಪದ್ಧತಿ ಮುರಿದು ಮಾತಾಡಿದೆ.

“ಶುಂಠಿ ವಾಸನೆ ಬರ್ತಿದೆ.”

“ಶುಂಠಿ ಅಂದ್ರೆ ಎಂಥದು? ಹಸೀದಾ, ಬೆಂದಿದ್ದಾ? ಸರಿಯಾಗಿ ಹೇಳೆ, ಬರಹಗಾರ್ತಿ!”

ನಾನು ಬಗ್ಗಿ ಮತ್ತೆ ಮೂಸಿದೆ. “ನಮಗೆ ನೆಗಡಿ ಆದಾಗ ಅಪ್ಪ ಶುಂಠಿ ಜಜ್ಜಿ ನೀರು ಕಾಯಿಸ್ತಿದ್ರಲ್ಲ. ಇಬ್ಬರಿಗೂ ಒಂದೇ ಟವೆಲ್ ಹೊದಿಸಿ, ಪಾತ್ರೆ ಮುಂದೆ ಕೂರಿಸ್ತಿದ್ರು. ನೀನು ಟವೆಲ್ ಒಳಗೆ ನನ್ನ ಚಿವುಟ್ತಿದ್ದೆ. ಆ ವಾಸನೆ.”

ಅಕ್ಕ ಕಣ್ಣು ಮುಚ್ಚಿಕೊಂಡಳು. ಮೀನಿನ ಹಬೆ ಅವಳ ಕನ್ನಡಕವನ್ನು ಮಸುಕು ಮಾಡಿತು. ಅದನ್ನು ಒರೆಸಿಕೊಂಡು ಮೂರು ತುತ್ತು ತಿಂದಳು, ಬರೆದಳು, ಮಡಚಿ ಬಾಟಲಿಯ ಕೆಳಗಿಟ್ಟಳು.

ಅಂದು ಅದನ್ನು ಅಲ್ಲೇ ಬಿಚ್ಚದೆ ಮನೆಗೆ ತಂದು ಬಿಚ್ಚಿದೆ. ‘ಮೀನು: ಎರಡು ನಿಮಿಷ ಹೆಚ್ಚು ಬೆಂದಿದೆ. ಶುಂಠಿ: ತಂಗಿ ಹೇಳಿದ ಹಾಗೆಯೇ ಇದೆ.’

ಕೆಳಗೆ ನಮ್ಮಿಬ್ಬರ ಹೆಸರನ್ನೂ ಹಾಕಿ, ಒಂದಕ್ಷರವನ್ನೂ ತಿದ್ದದೆ ಅಚ್ಚಿಗೆ ಕೊಟ್ಟೆ.