ದಾದೇಸಾಬನ ರುಜುವಿದ್ದ ಟಿವಿಗಳು

ಮಸ್ಕಿಯಲ್ಲಿ ರೇಡಿಯೊ ಕೆಟ್ಟರೆ ಜನ ನೆಟ್ಟಗೆ ಬರುತ್ತಿದ್ದುದು ದಾದೇಸಾಬನ ಅಂಗಡಿಗೆ. ರಿಪೇರಿ ಮುಗಿದ ಮೇಲೆ ಹಿಂಬದಿಯ ಮುಚ್ಚಳದ ಒಳಮೈಗೆ ಪೆನ್ಸಿಲ್‌ನಲ್ಲಿ ತನ್ನ ಹೆಸರು, ತಾರೀಖು ಬರೆದೇ ಕೊಡುವುದು ಅವನ ಪದ್ಧತಿ. ಮತ್ತೆ ಕೆಟ್ಟರೆ ಪುಕ್ಕಟೆ. ಆ ರುಜು ನೋಡಿ ಹಳೆಯ ರೇಡಿಯೊ ಕೊಳ್ಳುವವರೂ ಇದ್ದರು. ಆದರೆ ಇಪ್ಪತ್ತು ವರ್ಷ ಮಂದಿ ಮಾಡಿದ್ದನ್ನು ತಿದ್ದಿ ತಿದ್ದಿ ಅವನಿಗೆ ಸಾಕಾಗಿತ್ತು. ಒಂದಾದರೂ ವಸ್ತುವನ್ನು ತಾನೇ ಮಾಡಬೇಕೆಂಬ ಆಸೆ ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

ಈ ಆಸೆ ಗೊತ್ತಿದ್ದದ್ದು ಇಬ್ಬರಿಗೇ: ಹೆಂಡತಿ ಸಕೀನಾಬೀಗೆ, ಮತ್ತೆ ಚಿಕ್ಕಂದಿನ ಗೆಳೆಯ ಸೂಗಪ್ಪನಿಗೆ. ಎಂಬತ್ತೇಳರಲ್ಲಿ ಸೂಗಪ್ಪ ಲಿಂಗಸುಗೂರಿನಲ್ಲಿ ಒಂದು ಹಳೇ ಗೋದಾಮು ಹಿಡಿದು, ಟಿವಿ ಕಾರ್ಖಾನೆ ಎಂದು ಬಾಗಿಲ ಮೇಲೆ ಬರೆಸಿದ.

"ದಾದು, ಬೆಂಗಳೂರಾಗ ಉಪಗ್ರಹ ಮಾಡಾಕತ್ತ್ಯಾರ, ಟೆಲಿಫೋನ್ ಮಾಡಾಕತ್ತ್ಯಾರ, ಕಂಪ್ಯೂಟರ್ ಮಾಡಾಕತ್ತ್ಯಾರ. ನಾವೇನು ಬರೇ ಜ್ವಾಳ ಬೆಳಕೋಂತ ಕುಂದ್ರೂದೇನು? ಇವತ್ತು ಟಿವಿ, ನಾಳೆ ಫೋನು, ನಾಡದ್ದು ಕಂಪ್ಯೂಟರ್. ಮಾಡಾಂವ ನೀನ."

ದಾದೇಸಾಬ ಅಂಗಡಿಗೆ ಬೀಗ ಹಾಕಿ ಹೋದ. ಬೆಸುಗೆಯ ಹೊಗೆಯಲ್ಲಿ ಎರಡು ತಿಂಗಳು ಕೂತು, ಬಿಡಿಭಾಗಗಳನ್ನು ಒಂದೊಂದಾಗಿ ಬೋರ್ಡಿಗೆ ಬೆಸೆದು ಮೊದಲ ಟಿವಿ ಮಾಡಿದ. ಚಿತ್ರ ಮೂಡಿದ ದಿನ ಸೂಗಪ್ಪನನ್ನು ತಬ್ಬಿಕೊಂಡು ಅತ್ತುಬಿಟ್ಟ.

ಕೆಲವು ದಿನಕ್ಕೆ ಸೂಗಪ್ಪ ಟಿವಿಗಳ ಹಿಂಬದಿಯ ನಲವತ್ತು ಮುಚ್ಚಳ ತಂದು ಎದುರಿಗಿಟ್ಟ. "ನಾಳೆ ತಪಾಸಣಿಗೆ ಸಾಲ ಕೊಟ್ಟ ಬ್ಯಾಂಕಿನ ಸಾಹೇಬ್ರು ಬರ್ತಾರ. ಕೆಲಸ ಜೋರು ನಡದೈತಿ ಅಂತ ಕಾಣ್ಬೇಕು. ಇವಕ್ಕ ಈಗ ರುಜು ಹಾಕಿಬಿಡು, ಒಳಗಿನ ಬೋರ್ಡು ನಿಧಾನಕ್ಕ ಮಾಡೀಯಂತ."

ಮಾಡದ ಕೆಲಸಕ್ಕೆ ದಾದೇಸಾಬ ಎಂದೂ ರುಜು ಹಾಕಿದವನಲ್ಲ. ಆದರೆ ಕೇಳಿದವನು ಸೂಗಪ್ಪ. ಹಾಕಿದ.

ಸಾಹೇಬರು ಬಂದರು, ಮೊದಲ ಟಿವಿ ನೋಡಿ ಭೇಷ್ ಅಂದು ಹೋದರು. ವಾರದೊಳಗೆ, ಬಿಡಿಭಾಗ ಬಂದಿಲ್ಲವೆಂದು ಕೆಲಸ ನಿಂತಿತು. ಸೂಗಪ್ಪ ಆ ಮೊದಲ ಟಿವಿಯ ಬೋರ್ಡು ಬಿಚ್ಚಿ ಅವನ ಕೈಗಿತ್ತು, "ನೆನಪಿಗೆ ಇಟ್ಕೋ, ಕರೀತೀನಿ" ಅಂದ. ದಾದೇಸಾಬ ಮಸ್ಕಿಗೆ ಬಂದು ಮತ್ತೆ ಅಂಗಡಿ ತೆರೆದು ಎಂಟು ತಿಂಗಳು ಕಾದ.

ಕರೆ ಬರಲಿಲ್ಲ. ಬಂದದ್ದು ವಳಕಮದಿನ್ನಿಯ ಗದ್ದೆಪ್ಪ, ಕಂಬಳಿ ಸುತ್ತಿದ ಟಿವಿ ಹೊತ್ತುಕೊಂಡು.

"ಸಾಬ್ರ, ಸಿಂಧನೂರಾಗ ತಗೊಂಡಿದ್ದು. ಇಪ್ಪತ್ತು ದಿನಕ್ಕ ಕೆಟ್ಟೈತಿ. ಅಂಗಡಿಯಾಂವ ಮುಚ್ಚಳ ತಗದು ನಿಮ್ಮ ಹೆಸರು ತೋರಿಸಿದ, ಮತ್ತೇನೂ ಕೇಳಲಾರದ ತಗೊಂಡೆ."

ದಾದೇಸಾಬ ಮುಚ್ಚಳ ಬಿಚ್ಚಿದ. ತನ್ನದೇ ಅಕ್ಷರ, ತಪಾಸಣೆಯ ಹಿಂದಿನ ದಿನದ ತಾರೀಖು. ಬೋರ್ಡು ಮಾತ್ರ ತನ್ನದಲ್ಲ. ಎಲ್ಲಿಂದಲೋ ಮೂಟೆಗಟ್ಟಲೆ ತರಿಸಿದ ಸಿದ್ಧ ಮಾಲು, ಮುಟ್ಟಿದರೆ ಬೆಸುಗೆ ಬಿಡುತ್ತಿತ್ತು. ರಿಪೇರಿಗೂ ಬರುವಂಥದ್ದಲ್ಲ.

ಗದ್ದೆಪ್ಪನಿಗೆ ನಾಳೆ ಬಾ ಎಂದು ಹೇಳಿ, ಆಗಲೇ ಬಸ್ಸು ಹತ್ತಿ ಲಿಂಗಸುಗೂರಿಗೆ ಹೋದ. ಗೋದಾಮಿನಲ್ಲಿ ಇಬ್ಬರು ಕೂತು ಪೆಟ್ಟಿಗೆಗಳಿಗೆ ಸ್ಕ್ರೂ ತಿರುವುತ್ತಿದ್ದರು. ಅಷ್ಟೇ ಕಾರ್ಖಾನೆ.

"ನನ್ನ ಯಾಕ ಕರೀಲಿಲ್ಲೋ ಸೂಗ್ಯಾ?"

"ನೀ ಒಂದು ಮಾಡೂದ್ರಾಗ ಇವು ನೂರು ಬರ್ತಾವ." ಸೂಗಪ್ಪ ತಲೆ ಎತ್ತಲಿಲ್ಲ.

"ಹಂಗಾರ ನನ್ನ ಹೆಸರು ಯಾಕ ಬೇಕಾಗಿತ್ತು?"

"ನಿನ್ನ ಹೆಸರಿಲ್ಲಂದ್ರ ಈ ಕಡಿ ಊರಾಗ ಇವನ್ನ ಯಾರು ತಗೊಂತಿದ್ರು?"

ಕಪಾಳಕ್ಕೆ ಬಾರಿಸಬೇಕೆನಿಸಿತು, ಕೈ ಏಳಲಿಲ್ಲ. ಹಗೆಯವನು ಮೋಸ ಮಾಡಿದ್ದರೆ ಬಡಿದಾಡಬಹುದಿತ್ತು. ಇವನು ತನ್ನ ಆಸೆಯನ್ನು ಬಿಚ್ಚಿ ಹೇಳಿಕೊಂಡ ಗೆಳೆಯ. ಬಸ್ಸು ಹತ್ತಿ ಮಸ್ಕಿಗೆ ಮರಳಿದ.

ಮರುದಿನ, ನೆನಪಿಗೆಂದು ಇಟ್ಟುಕೊಂಡಿದ್ದ ಬೋರ್ಡನ್ನು ಗೋಡೆಯ ಗೂಡಿನಿಂದ ತೆಗೆದ.

"ಅದೊಂದು ಇರ್ಲಿ ಬಿಡ್ರಿ," ಅಂದಳು ಸಕೀನಾಬೀ. "ಜಿಂದಗಿದಾಗ ನೀವು ಮಾಡಿದ್ದು ಅದೊಂದ ಐತಿ."

"ರುಜು ಹಾಕೀನಲ್ಲ," ಅಂದ.

ಅದನ್ನು ಗದ್ದೆಪ್ಪನ ಪೆಟ್ಟಿಗೆಯಲ್ಲಿ ಕೂರಿಸಿ ತಂತಿ ಬೆಸೆದ. ಚಿತ್ರ ಮೂಡಿತು. ಗದ್ದೆಪ್ಪನ ಮುಖ ಅರಳಿತು. ಟಿವಿಗೆ ಮತ್ತೆ ಕಂಬಳಿ ಸುತ್ತಿ, ತಾನೇ ಹೋಗಿ ಅವನನ್ನು ಬಸ್ಸು ಹತ್ತಿಸಿ ಬಂದ.

ಬರುವಷ್ಟರಲ್ಲಿ ಅಂಗಡಿ ಮುಂದೆ ಗುರುಗುಂಟಾದ ಇಬ್ಬರು ಗೋಣಿಚೀಲದಲ್ಲಿ ಟಿವಿ ಇಟ್ಟುಕೊಂಡು ಕೂತಿದ್ದರು. "ಸಾಬ್ರ, ಇದರಾಗೂ ನಿಮ್ಮ ರುಜು ಐತ್ರಿ," ಅಂತ ನಂಬಿಕೆಯಿಂದ ನಗುತ್ತಾ ಎದ್ದು ನಿಂತರು. ಇನ್ನೂ ಮೂವತ್ತೊಂಬತ್ತು ಮುಚ್ಚಳಗಳಿದ್ದವು. ಅವನು ಮಾಡಿದ ಬೋರ್ಡು ಒಂದೂ ಉಳಿದಿರಲಿಲ್ಲ.