ಎಡಗೈನೋರು ಜಾಸ್ತಿ ಆದ್ರು

ನನ್ನ ತಮ್ಮನ ಮಗ ಕಿರಣ್‌ಕುಮಾರನದು ಹೊಸದುರ್ಗದ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಮೊಬೈಲ್ ರಿಪೇರಿ, ಜೆರಾಕ್ಸ್ ಅಂಗಡಿ ಐತೆ. ಮುಂದೆ ಕಲ್ಲುಬೆಂಚು. ನಮ್ಮೂರು ಮತ್ತೋಡಿನಿಂದ ಬಸ್ಸಿಳಿದು ಬಂದರೆ ನಾನು ಅಲ್ಲೇ ಕುಂತ್ಕಳೋದು. ಜೊತೆಗೆ ಲೈನ್‌ಮನ್ ಬೋರಣ್ಣ. ರಿಟೈರ್ ಆಗಿ ಎಷ್ಟೋ ವರ್ಷ ಆದರೂ ಜನ ಅವನನ್ನ ಲೈನ್‌ಮನ್ ಅಂತಲೇ ಕರೀತಾರೆ. ನಮ್ಮೂರಿಗೆ ಕರೆಂಟ್ ಬಂದಾಗ ನಮ್ಮ ಹೊಲದ ಬದುವಿನ ಕಂಬ ಹತ್ತಿದವನು ಅವನು, ಕೆಳಗೆ ಏಣಿ ಹಿಡಿದವನು ನಾನು. ಸ್ನೇಹ ಅವತ್ತಿನದು.

ನಾವು ಲಿಂಗ ಕಟ್ಟೋ ಜನ. ಅವನು ಎಡಗೈನವನು. ನಮ್ಮ ಸೀಮೆಯಲ್ಲಿ ಎಡಗೈ ಬಲಗೈ ಅಂದರೆ ಮೈಮೇಲಿನ ಕೈ ಅಲ್ಲ, ದಲಿತರ ಎರಡು ಪಂಗಡ. ಒಳಮೀಸಲಾತಿಯ ಮಾತು ಎದ್ದ ಮೇಲಂತೂ ಟೀ ಅಂಗಡಿಯಲ್ಲಿ, ಬಸ್ಸಿನಲ್ಲಿ, ಎಲ್ಲಿ ನೋಡಿದರೂ ಅವೇ ಎರಡು ಪದ. ನಾವಿಬ್ಬರು ಮಾತ್ರ ಆ ಸುದ್ದಿ ಎತ್ತಿದವರಲ್ಲ. ಜನ ಇದ್ದಾಗ ಅವನಿಗೆ ನಾನು ‘ಈರಬಸಪ್ಪಾರು’, ಇಬ್ಬರೇ ಇದ್ದಾಗ ‘ಲೇ ಈರಬಸಪ್ಪ’.

ಹೋದ ವರ್ಷ ಅವನು ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಹಿರಿಯೂರಿನ ಮಗಳ ಮನೆಯಲ್ಲಿ ಉಳಿದ. ಆ ದಿನಗಳಲ್ಲೇ ಕಿರಣನಿಗೆ ಆ ಆಟದ ಹುಚ್ಚು ಹತ್ತಿದ್ದು.

ಬೇಸ್‌ಬಾಲ್ ಅಂತ, ಅಮೆರಿಕದ್ದು. ಒಬ್ಬ ಚೆಂಡು ಎಸೀತಾನೆ, ಒಬ್ಬ ದೊಣ್ಣೆಯಲ್ಲಿ ಹೊಡೀತಾನೆ. ಆದರೆ ಇವರು ಆಡೋದು ಅದಲ್ಲ. ಕಂಪ್ಯೂಟರಿನಲ್ಲಿ ಬರೀ ಹೆಸರು, ಅಂಕಿ. ಯಾರನ್ನ ಇಳಿಸಬೇಕು, ಯಾರನ್ನ ಕೂರಿಸಬೇಕು ಅಂತ ಇವರು ಹೇಳಿದರೆ ಮಿಕ್ಕಿದ್ದನ್ನ ಯಂತ್ರ ಆಡಿಕೊಳ್ತದೆ. ಹೊಳಲ್ಕೆರೆಯ ರಾಜಶೇಖರ್ ಅನ್ನೋ ಸ್ನೇಹಿತ, ಇವನು, ಇಬ್ಬರದೂ ಸೇರಿ ಒಂದೇ ಟೀಮು.

ಕೂತು ಕೂತು ನನಗೂ ಅಷ್ಟಿಷ್ಟು ತಿಳೀತು. ಬಲಗೈಯಲ್ಲಿ ಎಸೆಯೋನ ಚೆಂಡು ಎಡಗೈಯಲ್ಲಿ ಹೊಡೆಯೋನಿಗೆ ಸಲೀಸು. ಹಂಗಂತ ಎಲ್ಲಾ ಎಡಚರನ್ನೇ ತುಂಬಿಕೊಂಡರೆ ಎದುರಿನವರು ಎಡಗೈಯಲ್ಲಿ ಎಸೆಯೋನನ್ನ ಇಳಿಸಿ ಎಲ್ಲರನ್ನೂ ಮಲಗಿಸಿಬಿಡ್ತಾರೆ. ಎರಡೂ ಕಡೆಯವರು ತೂಕವಾಗಿರಬೇಕು. ಇದು ನನಗೆ ಹೊಸದಲ್ಲ. ನೊಗದ ಎಡಗೋಲಿಗೆ ಪಳಗಿದ ಎತ್ತನ್ನ ಬಲಗೋಲಿಗೆ ಕಟ್ಟಿ ನೋಡಿದವನು ನಾನು. ಮೊದಮೊದಲು ಕಿರಣ ಲೆಫ್ಟು ರೈಟು ಅಂತಿದ್ದ. ‘ನಮಗೆ ತಿಳಿಯೋ ಹಂಗೆ ಹೇಳೋ’ ಅಂದೆ. ಎಡಗೈ ಬಲಗೈ ಅನ್ನೋಕೆ ಶುರು ಮಾಡಿದ.

ಬೋರಣ್ಣ ವಾಪಸ್ ಬಂದ. ಕಪ್ಪು ಕನ್ನಡಕ, ಹೊಸ ಅಂಗಿ.

‘ಲೇ ಈರಬಸಪ್ಪ, ಕಣ್ಣು ಸರಿ ಆದ ಮೇಲೆ ಗೊತ್ತಾತು ನೋಡು, ನಿನ್ನ ಮುಖ ಇಷ್ಟು ಕೆಟ್ಟದಾಗೈತೆ ಅಂತ.’

‘ಹಂಗಾದ್ರೆ ಹಳೇ ಕಣ್ಣೇ ಹಾಕಿಸ್ಕೊಂಡು ಬಾ ಹೋಗು.’

‘ಡಾಕ್ಟ್ರು ಬಿಸಾಕಿಬಿಟ್ರಂತೆ ಕಣೋ. ಇನ್ನು ಸಾಯೋಗಂಟ ನಿನ್ನ ಹಿಂಗೇ ನೋಡಬೇಕು.’

ನಗಾಡಿದ್ವಿ. ಆಮೇಲೆ ಅವನು ಸ್ವಲ್ಪ ಸಂಕೋಚದಿಂದ ಕಿರಣನ ಕಡೆ ತಿರುಗಿದ. ಕಿರಣ, ರಾಜಶೇಖರ್ ಸೇರಿ ಹೊಳಲ್ಕೆರೆಯಲ್ಲಿ ಇನ್ನೊಂದು ಅಂಗಡಿ ತೆಗೆಯೋರಿದ್ದರು. ಕಂಪ್ಯೂಟರಿಗೆ ಜನ ಬೇಕಿತ್ತು. ಬೋರಣ್ಣನ ಮೊಮ್ಮಗಳು ಬಿಂದು ಕಂಪ್ಯೂಟರ್ ಕಲಿತು ಮನೆಯಲ್ಲಿದ್ದಳು.

‘ನೋಡಪ್ಪ, ಆದ್ರೆ ನೋಡು. ಬಲವಂತ ಇಲ್ಲ.’

‘ರಾಜಶೇಖರನ್ನ ಒಂದು ಮಾತು ಕೇಳ್ತೀನಿ ತಾತ’ ಅಂದ ಕಿರಣ. ಅಲ್ಲೇ ಫೋನ್ ಹಚ್ಚಿ ಒಳಗೆ ಹೋದ.

ಬಿಂದುವಿನ ಮಾತು ಅವನು ಎತ್ತಿದನೋ, ಎತ್ತೋಕೆ ಮುಂಚೆಯೇ ರಾಜಶೇಖರ್ ಆಟದ ಸುದ್ದಿ ತೆಗೆದನೋ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕಿರಣನ ದನಿ ಜೋರಾತು.

‘ಬ್ಯಾಡ ಮಾರಾಯ. ಎಡಗೈನೋರು ಆಗಲೇ ಜಾಸ್ತಿ ಆದ್ರು. ಇನ್ನೊಬ್ರನ್ನ ಸೇರಿಸಿದ್ರೆ ಎಲ್ಲಾ ಕೆಡ್ತೈತೆ. ಈ ಸಲ ಬಲಗೈನೋರ್ನೇ ನೋಡಾಣ.’

ನನ್ನ ಕಿವಿಗೂ ಬಿತ್ತು. ನನಗೆ ಅದು ಎತ್ತಿನ ಮಾತು, ಆಟದ ಮಾತು. ತಲೆ ಆಡಿಸಿ, ತಿಳಿದವನ ಹಂಗೆ ಅಂದೆ, ‘ಹೂಂ, ಒಂದೇ ಕಡೆಯೋರು ತುಂಬ್ಕೊಂಡ್ರೆ ನಡೆಯಲ್ಲ.’

ಬೋರಣ್ಣ ನನ್ನ ಮುಖ ನೋಡಿದ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ‘ಬಸ್ಸಿಗೆ ಹೊತ್ತಾತು’ ಅಂದು ಎದ್ದ.

ಮಾರನೇ ದಿನ ಬರಲಿಲ್ಲ. ಆ ವಾರವೇ ಬರಲಿಲ್ಲ. ಫೋನ್ ಮಾಡಿದೆ.

‘ಯಾಕೋ, ಹುಷಾರಿಲ್ವೇನೋ?’

‘ಚೆನ್ನಾಗಿದೀನಿ ಈರಬಸಪ್ಪಾರೆ. ಅಲ್ಲಿ ಎಡಗೈನೋರು ಜಾಸ್ತಿ ಆಗ್ಯಾರಂತಲ್ರಿ. ನಾನೊಬ್ಬ ಕಮ್ಮಿ ಆದ್ರೆ ಸರಿ ಹೋಗ್ತೈತೆ.’

ಅದು ಯಾವ ಮಾತು ಅಂತ ಹೊಳೆಯೋಕೆ ನನಗೆ ಸ್ವಲ್ಪ ಹೊತ್ತು ಹಿಡೀತು. ಕಿರಣನಿಗೆ ಹೇಳಿದರೆ ಅವನು ಎರಡೂ ಕೈ ತಲೆ ಮೇಲೆ ಇಟ್ಟುಕೊಂಡ. ‘ಅಯ್ಯೋ ದೊಡ್ಡಪ್ಪ, ಅದು ಬೇಸ್‌ಬಾಲು! ನಡೀರಿ, ಈಗಲೇ ಹೋಗಾಣ.’

ಬೋರಣ್ಣ ತನ್ನ ಮನೆ ಜಗಲಿಯ ಮೇಲಿದ್ದ. ನಮ್ಮನ್ನ ನೋಡಿದವನೇ ಎದ್ದು ನಿಂತ. ‘ಬರ್ರಿ, ಬರ್ರಿ. ಕುಂತ್ಕಳ್ರಿ’ ಅಂದು ಒಳಗಿಂದ ಪ್ಲಾಸ್ಟಿಕ್ ಕುರ್ಚಿ ತರಿಸಿದ. ಆ ಜಗಲಿ ಮೇಲೆ ನಾನು ಎಷ್ಟು ಸಲ ಕಾಲು ಚಾಚಿ ಮಲಗಿದೀನೋ. ಅವತ್ತು ಕುರ್ಚಿ ಬಂತು.

ಕಿರಣ ಲ್ಯಾಪ್‌ಟಾಪ್ ಬಿಚ್ಚಿ ತೋರಿಸಿದ. ‘ನೋಡ್ರಿ ತಾತ, ಇವನು ಎಡಗೈ, ಇವನು ಬಲಗೈ. ಎಲ್ಲಾ ಅಮೆರಿಕದೋರು. ಅವತ್ತು ಈ ಮನುಷ್ಯನ್ನ ಬ್ಯಾಡ ಅಂದಿದ್ದು ನಾನು.’

ಬಿಂದು ಬಗ್ಗಿ ನೋಡಿ ನಕ್ಕುಬಿಟ್ಟಳು. ‘ತಾತ, ನಿಜವಾಗ್ಲೂ ಆಟನೇ. ಎಲ್ ಅಂದ್ರೆ ಲೆಫ್ಟು. ಇದಕ್ಕೆ ಊಟ ಬಿಟ್ಟಿದ್ಯಲ್ಲ ನೀನು!’

ಬೋರಣ್ಣ ಕನ್ನಡಕ ತೆಗೆದು ನಿಧಾನಕ್ಕೆ ನೋಡಿದ. ಒಂದೆರಡು ಪ್ರಶ್ನೆ ಕೇಳಿದ. ಕಂಬದ ಮೇಲೆ ತಂತಿ ಬಿಡಿಸಿದವನಿಗೆ ತಿಳಿಯೋದು ತಡ ಆಗಲಿಲ್ಲ.

‘ತಿಳೀತಪ್ಪ. ನಿನ್ನ ತಪ್ಪು ಏನೂ ಇಲ್ಲ. ಟೀ ಕುಡಿ.’

ನನಗೆ ಉಸಿರು ಬಂತು. ‘ಹಂಗಾದ್ರೆ ನಾಳೆ ಬಾರೋ ಬೆಂಚಿಗೆ’ ಅಂದೆ. ಬಿಂದುವಿಗೆ ಕೆಲಸ ಐತೆ ಅಂತ ಕಿರಣನೂ ಹೇಳಿದ.

ಬೋರಣ್ಣ ಲೋಟದ ಕಡೆ ನೋಡ್ತಾ ಅಂದ, ‘ಈರಬಸಪ್ಪಾರೆ, ಅವತ್ತು ಆ ಮಾತು ಕೇಳಿದಾಗ ನನಗೆ ಆಶ್ಚರ್ಯ ಆಗ್ಲಿಲ್ರಿ. ಇದೇನಪ್ಪ ಹಿಂಗಂತಾರೆ ಅಂತ ಅನ್ನಿಸ್ಲೇ ಇಲ್ಲ. ಬಂತಲ್ಲ, ಅನ್ನಿಸ್ತು. ನೀವು ಹೂಂ ಅಂದ್ರಿ, ಅದೂ ಸರಿಯಾಗೇ ಕೂತ್ಕಂತು. ಇಷ್ಟು ವರ್ಷ ಆ ಬೆಂಚಿನ ಮೇಲೆ ಕುಂತು ಆ ಮಾತು ಬರಲಿ ಅಂತಲೇ ಕಾಯ್ತಿದ್ನೇನೋ ನಾನು.’

‘ಅದು ಆಟದ್ದು ಅಂತ ಗೊತ್ತಾತಲ್ಲೋ.’

‘ಅದು ಆಟದ್ದು. ನಾನು ನಂಬಿದ್ದು ಆಟದ್ದಲ್ಲ. ಅದನ್ನ ಎಲ್ಲಿಗೆ ಹಾಕಲಿ, ಹೇಳ್ರಿ.’

ತಪ್ಪು ಕೇಳಿಸಿಕೊಂಡಿದ್ದರೆ ಸರಿ ಮಾಡಬಹುದಿತ್ತು. ಅವನು ನನ್ನನ್ನ ಹಂಗೆ ನಂಬೋಕೆ ತಯಾರಿದ್ದ ಅನ್ನೋದನ್ನ ಯಾವ ಲ್ಯಾಪ್‌ಟಾಪ್ ತೋರಿಸಿ ಅಳಿಸಲಿ? ಅವನು ಹಂಗೆ ತಯಾರಾಗೋ ಅಂಥದ್ದು ನಮ್ಮ ಕಡೆಯವರು ಏನೂ ಮಾಡಿಲ್ಲ ಅನ್ನೋಕೂ ಬಾಯಿ ಬರಲಿಲ್ಲ. ಟೀ ಕುಡಿದು ಎದ್ದು ಬಂದ್ವಿ. ಬಿಂದು ಕೆಲಸಕ್ಕೆ ಬರಲಿಲ್ಲ.

ಮೊನ್ನೆ ಚಿತ್ರದುರ್ಗಕ್ಕೆ ಹೊರಟಿದ್ದೆ. ಬಸ್ಸು ಹೊಸದುರ್ಗ ಬಿಡೋವಾಗ ಬೋರಣ್ಣ ಹತ್ತಿದ. ಕಂಡಕ್ಟರಿಗೆ ದುರ್ಗ ಅಂದಿದ್ದು ಕೇಳಿಸ್ತು. ಬಸ್ಸೆಲ್ಲಾ ತುಂಬಿತ್ತು, ನನ್ನ ಪಕ್ಕ ಮಾತ್ರ ಖಾಲಿ. ನಾನು ಕಿಟಕಿ ಕಡೆಗೆ ಸರಿದೆ.

‘ಬಾರೋ, ಕುಂತ್ಕ.’

‘ಇರ್ಲಿ ಬಿಡ್ರಿ. ಇಲ್ಲೇ ಹೊಳಲ್ಕೆರೆಗೆ ಇಳಿಯೋನು ನಾನು.’

ದಾರಿಯುದ್ದಕ್ಕೂ ಮೇಲಿನ ಕಂಬಿ ಹಿಡಿದು ನಿಂತೇ ಬಂದ. ತಿರುವು ಬಂದಾಗ ಮುದುಕ ಜೋಲಿ ಹೊಡೀತಿದ್ದ. ಮತ್ತೆ ಕರೆಯೋಕೆ ನನಗೆ ಧೈರ್ಯ ಬರಲಿಲ್ಲ.

ಹೊಳಲ್ಕೆರೆಯಲ್ಲಿ ಬಸ್ಸು ನಿಂತಿತು. ಅವನು ಇಳಿದ.

‘ಯಜಮಾನ್ರೆ, ನಿಮ್ದು ದುರ್ಗದ ಟಿಕೆಟು!’ ಅಂತ ಕಂಡಕ್ಟರ್ ಕೂಗಿದ.

ಬೋರಣ್ಣ ತಿರುಗಿ ನೋಡಲಿಲ್ಲ. ನೆರಳು ನೋಡಿಕೊಂಡು ನಿಂತು, ಮುಂದಿನ ಬಸ್ಸು ಬರೋ ರಸ್ತೆಯ ಕಡೆಗೆ ಮುಖ ಮಾಡಿದ.